ಟೆಂಟಿನಲ್ಲಿ ಮಾವನವರಿಗೆ ಹೇಳಿದ ಕಥೆ

ಓದು ತಲೆಗೆ ಹತ್ತದ ಹುಡುಗನಿಗೆ ನಮ್ಮ ಕಡೆ 'ನೀನು ದನ ಕಾಯೋಕೇ ಲಾಯಕ್ಕು' ಎನ್ನುತ್ತಾರೆ. ಬಂಗಾರಪೇಟೆಯ ಶಾಲೆಯಲ್ಲಿ ಈ ಆಶೀರ್ವಾದ ನನಗೆ ಧಾರಾಳವಾಗಿ ದೊರಕಿತ್ತು. ಆದರೆ ದನ ಕಾಯುವವನು ಕುದುರೆ ಏರಿ, ಸೊಂಟಕ್ಕೆ ಪಿಸ್ತೂಲು ಕಟ್ಟಿ, ಊರಿನ ಸಾಹುಕಾರನನ್ನು ನಡುಗಿಸಬಹುದೆಂದು ಯಾವ ಮೇಷ್ಟರೂ ಹೇಳಿರಲಿಲ್ಲ. ಅದನ್ನು ತಿಳಿಸಿದ್ದು, ನಾನು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಗುಮಾಸ್ತನಾಗಿದ್ದಾಗ ಆಂಡರ್ಸನ್‌ಪೇಟೆಯ ಟೆಂಟ್ ಸಿನಿಮಾಕ್ಕೆ ಬಂದ ಒಂದು ಹಳೆಯ ಇಂಗ್ಲಿಷ್ ಚಿತ್ರ.

ಬಡ ಚಿತ್ರ ಅದು. ಕಳ್ಳರ ಕುದುರೆಗಳೇ ಪೊಲೀಸರ ಕುದುರೆಗಳು. ಎಲ್ಲರೂ ಒಂದೇ ಬಂಡೆಯನ್ನು ಸುತ್ತುತ್ತಿದ್ದರು. ಬಾಗಿಲು ಹಾಕಿದರೆ ಇಡೀ ಹೋಟೆಲು ಅಲ್ಲಾಡುತ್ತಿತ್ತು. ಹಿಂದಿನ ಬೋಳುಗುಡ್ಡಗಳಂತೂ ನಮ್ಮ ಕ್ವಾರ್ಟರ್ಸ್ ಹಿಂದೆ ಚಿನ್ನ ತೆಗೆದು ಸುರಿದ ಸಯನೈಡ್ ಮಣ್ಣಿನ ದಿಬ್ಬಗಳೇ. ನನಗೆ ಬಹಳ ಇಷ್ಟವಾಯಿತು. ದಿನಾ ಹೋದೆ. ಒಂದು ಸಂಜೆ ಮಾತಾಡುತ್ತಿದ್ದ ಹೆಂಡತಿಯನ್ನು ಬಾಗಿಲಲ್ಲೇ ನಿಲ್ಲಿಸಿ ಹೊರಟೆ. ಮರುದಿನ ಆಕೆ ಕ್ಯಾಸಂಬಳ್ಳಿಯ ತವರಿಗೆ ಹೊರಟಳು. ಮನೆ ಭಣಗುಟ್ಟಿತು. ಹೋಗಿ ಕರೆತರಬೇಕೆಂದು ಜೀವ ಹಂಬಲಿಸುತ್ತಿತ್ತು, ಜಂಬ ಬಿಡಲಿಲ್ಲ.

ಅಷ್ಟರಲ್ಲಿ ಮಾವನವರೇ ಬಂದರು. ಮಗಳನ್ನು ಕಳಿಸುವ ಮೊದಲು ಆ ಸಿನಿಮಾ ಏನೆಂದು ತಾವೂ ನೋಡಬೇಕೆಂದರು. ಅವರಿಗೆ ಇಂಗ್ಲಿಷ್ ಬಾರದು. ಕಥೆ ಹೇಳುವ ಭಾರ ನನ್ನ ಮೇಲೆ ಬಿತ್ತು. ನನಗೆ ಬರುತ್ತಿದ್ದದ್ದು ಕಂಪನಿಯ ದೊರೆ ಬೈಯುವ ಇಂಗ್ಲಿಷ್. ಚುಟ್ಟಾ ಕಚ್ಚಿಕೊಂಡು ಮೂಗಿನಲ್ಲಿ ಮಾತಾಡುವವರದ್ದು ಯಾರಿಗೆ ಗೊತ್ತು? ತೋಚಿದ್ದು ಹೇಳುತ್ತಾ ಹೋದೆ. ಕೊನೆಗೆ ನಾಯಕ, ಬಾಗಿಲಲ್ಲಿ ಅಳುತ್ತಾ ನಿಂತ ಹೆಂಗಸನ್ನು ಬಿಟ್ಟು ಒಬ್ಬನೇ ಕುದುರೆ ಏರಿದ.

"ಇವ್ನು ಈಗ ಎಲ್ಲಿಗೆ ಓಯ್ತಾವ್ನೆ, ಅಳಿಯಂದ್ರೇ?"

"ಹೆಂಡ್ತಿ ತವರಲ್ಲಿದ್ದಾಳೆ ಮಾವ. ಕರ್ಕೊಂಡು ಬರೋಕೆ."

ಮಾವ ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಒಳ್ಳೇವ್ನು. ಬೆಳಿಗ್ಗೆ ನೀವೂ ಬನ್ನಿ ಮತ್ತೆ."

ಮೊದಲ ಬಸ್ಸಿಗೆ ಅವರ ಜೊತೆ ಹೋಗಿ ಹೆಂಡತಿಯನ್ನು ಕರೆತಂದೆ. ಇಂಗ್ಲಿಷ್ ಬಂದರೆ ಸಂಸಾರವನ್ನೂ ಉಳಿಸಿಕೊಳ್ಳಬಹುದೆಂದು ಬೀಗಿದೆ. ಅದೇ ವಾರ ಆಕೆಯೂ ಬಂದು ಚಿತ್ರ ನೋಡಿ, ಬಾಗಿಲಲ್ಲಿ ಅಳುವವಳು ಯಾರೆಂದು ಕೇಳಿದಳು. ಅವನ ತಂಗಿ ಎಂದೆ. ಆಕೆ ಮಡಿಲಿನ ಕಡಲೆಕಾಯಿ ಸಿಪ್ಪೆ ಕೊಡವಿ ಎದ್ದಳು.

"ಅಪ್ಪಂಗೆ ಇಂಗ್ಲೀಷ್ ಬರಲ್ಲ, ಕಣ್ಣು ಕಾಣ್ತದೆ. ಆವತ್ತೇ ನಂಗೇಳ್ದ, 'ನಿನ್ ಗಂಡ ಕತೆ ಪೂರಾ ಸುಳ್ಳೇಳ್ದ ಕಣಮ್ಮ. ಆ ಸುಳ್ಳಿನಾಗೂ ನಿನ್ನ ಕರ್ಕೊಂಡೋಗೋಕೇ ಒಂಟವ್ನೆ. ಓಗು' ಅಂತ."

ಮುಂದಿನ ವಾರ ಹೊಸ ಚಿತ್ರ ಬಂತು. ಇಬ್ಬರೂ ಹೋದೆವು. ಕಥೆ ಹೇಳೆಂದು ನನ್ನನ್ನು ಯಾರೂ ಕೇಳಲಿಲ್ಲ.