ಮೂರು ಫೋಲ್ಡರು, ಮೂರು ರಂಗಪ್ಪ

ನಮ್ಮ ಚಿತ್ತಪ್ಪನ ತಲೆ ಸರಿಯಿಲ್ಲ ಎನ್ನುವವರಿದ್ದಾರೆ. ಸುಳ್ಳು! ತಲೆ ಸರಿಯಾಗಿಯೇ ಇದೆ; ಹೊರಗಿನದೇನನ್ನೂ ಅದರೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಅಷ್ಟೇ. (ತಮಿಳುನಾಡಿನ ಕಂಬಂ ಕಡೆಯ ಕನ್ನಡದವರು ನಾವು, ಚಿಕ್ಕಪ್ಪನನ್ನು ಕರೆಯುವುದೇ ಚಿತ್ತಪ್ಪ ಎಂದು.) ಅಂಗಡಿ ಸೋಪು ಮುಟ್ಟರು, ತಾವೇ ಕುದಿಸಿಕೊಳ್ಳುತ್ತಾರೆ. ಆ ಸೋಪಿನಲ್ಲಿ ಒಗೆದ ಪಂಚೆ ಉಡುವವರಿಲ್ಲದೆಯೂ ನಿಂತುಕೊಳ್ಳುತ್ತದೆ!

ಅಂಥವರು ಐವತ್ತು ದಾಟಿದ ಮೇಲೆ ಪ್ರೋಗ್ರಾಂ ಬರೆಯಲು ಕಲಿತರು. ಪನ್ನೀರ್ ದ್ರಾಕ್ಷಿ ತೋಟಕ್ಕೆ ನೀರು ಬಿಡುವ ವಾಲ್ವುಗಳು ತಾವಾಗಿಯೇ ತೆರೆದುಕೊಳ್ಳಬೇಕಂತೆ. ಡೌನ್‌ಲೋಡ್ ಮಾಡಿದ ಒಂದು ಸಾಲೂ ಕೂಡದು, ಪ್ರತಿ ಮಾಡ್ಯೂಲೂ ಮನೆಯಲ್ಲೇ ಬರೆದದ್ದಾಗಬೇಕು!

ಅಪ್ಪ ಗಡುವು ಕೊಟ್ಟರು. "ನಾಳೆ ಮಧ್ಯಾಹ್ನದೊಳ್ಗೆ ಓಡ್ಬೇಕು. ಇಲ್ಲಾಂದ್ರೆ ದಿಂಡಿಗಲ್‌ನಿಂದ ವಾಲ್ವು ನಡ್ಸೋ ರೆಡಿ ಪೆಟ್ಟಿ ತರಿಸ್ತೀನಿ."

ಪ್ರೋಗ್ರಾಂ ಬರೆಯುವುದೇ ನನ್ನ ಹೊಟ್ಟೆಪಾಡಾದ್ದರಿಂದ ಮರುದಿನ ಬೆಳಿಗ್ಗೆಯೇ ಚಿತ್ತಪ್ಪ ನನ್ನನ್ನು ಹಿಡಿದು ಕೂರಿಸಿದರು. ಕೆಳತೋಟದ ಗುಂಡಿ ಒತ್ತಿದೆವು. ನೀರು ಬಂದದ್ದು ಮೇಲ್ತೋಟದಲ್ಲಿ, ಪೈಪಿನ ತುದಿ ಬಿಚ್ಚಿ ಇಣುಕುತ್ತಿದ್ದ ಅಪ್ಪನ ಮುಖಕ್ಕೆ! ಬಾವಿ ತೋಟದ್ದು ಒತ್ತಿದರೂ ಅಪ್ಪನಿಗೇ ಸ್ನಾನ.

ಒಳಗೆ ನೋಡಿದರೆ ಮೂರು ತೋಟಕ್ಕೆ ಮೂರು ಫೋಲ್ಡರು, ಒಂದೊಂದರಲ್ಲೂ ಒಂದು ಫೈಲು, ಮೂರರ ಹೆಸರೂ ರಂಗಪ್ಪ! ಅದು ತೀರಿಹೋದ ನಮ್ಮ ತಾತನ ಹೆಸರು. ಹಿರಿಮಗನಿಗೆ ತಾತನ ಹೆಸರಿಡುವುದು ನಮ್ಮ ಪದ್ಧತಿ, ಮನೆಯಲ್ಲಿ ಮೂವರು ಮೊಮ್ಮಕ್ಕಳು ರಂಗಪ್ಪಂದಿರೇ. ಹಾಗಂತ ಫೈಲಿಗೂ ಇಡುತ್ತಾರೆಯೇ? ಕಂಪ್ಯೂಟರು ಪ್ರತಿ ಸಲವೂ ಮೊದಲು ಕಂಡ ಮೇಲ್ತೋಟದ ರಂಗಪ್ಪನನ್ನೇ ಲೋಡ್ ಮಾಡುತ್ತಿತ್ತು.

"ಒಂದು, ಎರಡು, ಮೂರು ಅಂತ ಹೆಸರಿಡಿ ಚಿತ್ತಪ್ಪಾ."

"ವೇಂಡಾಂ ಕಣ್ಣು, ಬೇಡ! ಹೆಸರು ಮಾತ್ರ ಮುಟ್ಬೇಡ!" ಎಂದರು; ಮುದ್ದಿನಿಂದ ನನ್ನನ್ನು ಕಣ್ಣು ಎಂದೇ ಕರೆಯುತ್ತಾರೆ.

ಹನ್ನೊಂದೂವರೆ ಆಯಿತು. ಮಜ್ಜಿಗೆ ತಂದ ಅಜ್ಜಿ ಸಂಗತಿ ಕೇಳಿ ನಕ್ಕರು. "ಗಂಡನ ಹೆಸರು ಅಂತ ನಾನು ಅದನ್ನ ಬಾಯಲ್ಲಿ ಹೇಳಲ್ಲ. ಬಾವಿಯೋನೇ, ಮೇಲ್ತೋಟದೋನೇ ಅಂತ ತಾನೆ ಮೊಮ್ಮಕ್ಕಳನ್ನ ಕೂಗ್ತೀನಿ? ಒಂದಿನನಾದ್ರೂ ಒಬ್ಬನ್ನ ಕೂಗಿದ್ರೆ ಇನ್ನೊಬ್ಬ ಬಂದವ್ನಾ?"

ಅಯ್ಯೋ, ನನ್ನ ಇಷ್ಟು ವರ್ಷದ ಸರ್ವೀಸಿಗಿಷ್ಟು! ಫೈಲಿನ ಹೆಸರು ಮುಟ್ಟದೆ, ಪ್ರೋಗ್ರಾಂ ಅದನ್ನು ಕರೆಯುವ ಕಡೆ ಮಾತ್ರ ಪ್ರತಿ ರಂಗಪ್ಪನ ಹಿಂದೆಯೂ ಅವನ ಫೋಲ್ಡರಿನ ಹೆಸರು ಸೇರಿಸಿದೆ. ಗುಂಡಿ ಒತ್ತಿದೆ. ಕೆಳತೋಟಕ್ಕೆ ಕೆಳತೋಟದ ನೀರು! ಬಾವಿ ತೋಟಕ್ಕೆ ಬಾವಿ ತೋಟದ್ದು! ಅಪ್ಪ ಮೂರೂ ಕಡೆ ಸುತ್ತಿ ಬಂದು, ಒದ್ದೆ ಅಂಗಿಯಲ್ಲೇ ದಿಂಡಿಗಲ್‌ಗೆ ಫೋನ್ ಮಾಡಿ ಪೆಟ್ಟಿ ಬೇಡವೆಂದರು. ಚಿತ್ತಪ್ಪ ಮೀಸೆ ತಿರುವುತ್ತ ತೋಟವೆಲ್ಲ ಮೆರವಣಿಗೆ ಹೊರಟರು.

ಮರಳಿ ಬಂದಾಗ ಕೇಳಿದೆ, "ಹೆಸರು ಬದಲಿಸಿದ್ದರೆ ಐದು ನಿಮಿಷದ ಕೆಲಸವಲ್ಲವೇ?"

"ಅಣ್ಣಂದಿರೆಲ್ಲ ಮಗನಿಗೆ ಅಪ್ಪನ ಹೆಸರಿಟ್ರು ಕಣ್ಣು. ನಂಗೆ ಮಕ್ಕಳಾಗ್ಲಿಲ್ಲ," ಎಂದರು. "ನನ್ನದು ಅಂತ ಇರೋದು ಇವೇ."

ನೀರೆತ್ತುವ ಮೋಟಾರಿಗೆಂದು ಹೊಸ ಫೈಲು ತೆರೆದು, ಕೀಬೋರ್ಡನ್ನು ಅವರ ಕಡೆ ಸರಿಸಿದೆ.

"ಹೆಸರು ನೀವೇ ಇಡಿ ಚಿತ್ತಪ್ಪಾ."