ಮೂರನೇ ಮಹಡಿಯ ಮುಖ

ತಿಪ್ಪೇರುದ್ರಸ್ವಾಮಿ ಮೇಷ್ಟ್ರು ಆ ದಿನ ಮಾಡಿದ ತಪ್ಪು ಒಂದೇ. ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದ ಚಿತ್ರವನ್ನು ಕಾಲೇಜಿನ ಬಾಗಿಲ ಬಳಿ ಸಿಮೆಂಟ್ ಚೀಲಗಳಿಗೆ ಒರಗಿಸಿ, ಹೆಸರು ಬರೆಸಲು ಒಳಗೆ ಹೋದರು. ಅವತ್ತು ಅಮಾವಾಸ್ಯೆ ಎಂಬುದನ್ನು ನೋಡಿಕೊಂಡಿರಲಿಲ್ಲ. ನೋಡಿದ್ದರೂ ಕಲೆಗೂ ಅಮಾವಾಸ್ಯೆಗೂ ಏನು ಸಂಬಂಧ ಅಂದುಕೊಳ್ಳುತ್ತಿದ್ದರು, ಪಾಪ.

ಬಿಳಿಚೋಡಿನಲ್ಲಿ ಹದಿನೆಂಟು ವರ್ಷದಿಂದ ಡ್ರಾಯಿಂಗ್ ಮೇಷ್ಟ್ರು ಅವರು. ಮನೆಯಲ್ಲಿ ಅವರ ಚಿತ್ರಗಳಿಗೆ ಬಂದ ಗತಿ ಯಾವ ಶತ್ರುವಿಗೂ ಬೇಡ. ಹೆಂಡತಿ ಹೇಮಾವತಿ ಒಂದನ್ನು ಅಕ್ಕಿ ಡ್ರಮ್ಮಿಗೆ ಮುಚ್ಚಿದ್ದಳು, ಇನ್ನೊಂದನ್ನು ಇಲಿ ನುಗ್ಗುವ ಕಿಟಕಿಗೆ ಬಡಿದಿದ್ದಳು. "ಇಲಿ ಬರೋದು ನಿಂತೈತೆ. ಅಷ್ಟಾದ್ರೂ ಉಪಯೋಗಕ್ಕೆ ಬಂತು" ಅಂದಿದ್ದಳು. ಆ ಮಾತು ಮೇಷ್ಟ್ರ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತ್ತು.

ಹೊನ್ನಾಳಿಯ ಕಾಲೇಜೊಂದರಲ್ಲಿ ಕಲೆ ಮತ್ತು ತತ್ವಶಾಸ್ತ್ರದ ಸಮ್ಮೇಳನ, ಚಿತ್ರ ತಂದು ಅದರ ಬಗ್ಗೆ ಮಾತಾಡಬೇಕು ಎಂದು ಕರೆ ಬಂದಾಗ, ಆರು ತಿಂಗಳು ಶಾಲೆಯ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ತಮ್ಮ ಮುಖವನ್ನೇ ಬರೆದರು. ನೀಲಿ ಕೆನ್ನೆ, ಉಬ್ಬಿದ ಕಣ್ಣು, ಏನೋ ಹೇಳಹೊರಟು ತೆರೆದೇ ಉಳಿದ ಬಾಯಿ. 'ಒಳಗಿನವನು' ಎಂದು ಹೆಸರಿಟ್ಟರು. ಯಾರಿಗೂ ತೋರಿಸಲಿಲ್ಲ. ಗೋವಿನಕೋವಿಯ ಅಕ್ಕನ ಮನೆಗೆ ಹೋಗಿದ್ದ ಹೇಮಾವತಿಗೆ ಫೋನ್ ಮಾಡಿ, "ಮಧ್ಯಾಹ್ನ ಹೊನ್ನಾಳಿಗೆ ಬಂದು ನನ್ನ ಚಿತ್ರ ನೋಡು. ನಿನ್ನ ಬಾಯಿಂದ ಒಂದು ಒಳ್ಳೆ ಮಾತು ಬರ್ಲಿಲ್ಲ ಅಂದ್ರೆ ಜನ್ಮದಲ್ಲಿ ಇನ್ನು ಬ್ರಷ್ ಮುಟ್ಟಲ್ಲ" ಅಂದರು. "ಬರ್ತೀನಿ ತಗಳ್ರಿ" ಅಂದಳು ಆಕೆ.

ಹೆಸರು ಬರೆಸಿ ಹೊರಬಂದರೆ ಸೀರೆ ಐತೆ, ಚಿತ್ರ ಇಲ್ಲ!

ಮೇಷ್ಟ್ರ ಜೀವ ಬಾಯಿಗೆ ಬಂತು. ಸಮ್ಮೇಳನ ನಡೆಸುತ್ತಿದ್ದ ಪ್ರೊಫೆಸರ್ ಗುರುಬಸವರಾಜ್ ಬಳಿಗೆ ಓಡಿದರು. ಅವರು ಉಪ್ಪಿಟ್ಟು ತಿನ್ನುತ್ತಲೇ, "ಎಲ್ಲಾ ಅನಿತ್ಯ ಮೇಷ್ಟ್ರೆ. ಮೊದ್ಲು ಟಿಫನ್ ಮಾಡ್ರಿ" ಅಂದರು. ಲೈಬ್ರರಿ, ಲ್ಯಾಬು, ಕೊನೆಗೆ ಅಡುಗೆಯವರ ಪಾತ್ರೆಗಳ ಹಿಂದೆಯೂ ಹುಡುಕಿದ್ದಾಯಿತು. "ಸಾರಿಗಂತೂ ಬಿದ್ದಿಲ್ಲ ಸಾರ್, ಸೌಟು ಹಾಕಿ ನೋಡೀವಿ" ಎಂದು ಅಡುಗೆಯವನು ಧೈರ್ಯ ಹೇಳಿದ.

ಸುಸ್ತಾಗಿ ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತಾ ತಲೆ ಎತ್ತಿದರು. ಪಕ್ಕದಲ್ಲೇ ಕಟ್ಟುತ್ತಿದ್ದ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ, ಹಣೆ ತುಂಬ ಕುಂಕುಮ, ಕೊರಳಿಗೆ ನಿಂಬೆಹಣ್ಣು ಮೆಣಸಿನಕಾಯಿ, ಕೆಳಗೊಂದು ಬೂದುಗುಂಬಳ ಕಟ್ಟಿಸಿಕೊಂಡು 'ಒಳಗಿನವನು' ರಸ್ತೆಯನ್ನು ದುರುಗುಟ್ಟಿ ನೋಡುತ್ತಿದ್ದ.

"ಅಯ್ಯೋ, ಅದು ನನ್ನ ಚಿತ್ರ! ಇಳಿಸ್ರಪ್ಪಾ!"

ಗಾರೆ ಮೇಸ್ತ್ರಿ ಸಣ್ಣಪ್ಪ ಕರಣೆ ಕೆಳಗಿಟ್ಟ. "ನಿಮ್ದಾ? ಸಂತೆಯಿಂದ ದೃಷ್ಟಿ ಗೊಂಬೆ ತರಾಕೆ ಆಳಿಗೆ ಹೇಳಿದ್ದೆ ಸಾರ್. ಬಾಗಿಲಲ್ಲಿ ಇತ್ತು, ಅದೇ ಅಂತ ಕಟ್ಟಿಬಿಟ್ವಿ. ಈಗ ಪೂಜೆ ಆಗಿಹೋಗೈತೆ."

"ಆದ್ರೇನು, ಬಿಚ್ಚಿ ಕೊಡು."

"ಹೋದ ವಾರ ನಮ್ಮೋನೊಬ್ಬ ಮೇಲಿಂದ ಬಿದ್ದು ಕಾಲು ಮುರ್ಕಂಡ. ಅಮಾಸೆ ದಿನ ಕಟ್ಟಿದ್ದನ್ನ ಬಿಚ್ಚಿ, ಇನ್ನೊಬ್ಬ ಬಿದ್ರೆ ನೀವು ಹೊಣೆ ಆಗ್ತೀರಾ?" ಎಂದವನು ಮೆಲ್ಲಗೆ ಸೇರಿಸಿದ. "ಎಂಥಾ ಮುಖ ಬರ್ದೀರಿ ಸಾರ್! ಅದನ್ನ ಕಂಡು ನಾಯಿ ಸೈತ ಆ ಕಡೆ ಸುಳೀತಿಲ್ಲ."

ಅಷ್ಟರಲ್ಲಿ ಮೈಕಿನಲ್ಲಿ ಮೇಷ್ಟ್ರ ಹೆಸರು ಕೂಗಿದರು.

ಬರಿಗೈಯಲ್ಲಿ ವೇದಿಕೆ ಹತ್ತಿದರು. ಕೊನೆಯ ಸಾಲಿನಲ್ಲಿ ಹೇಮಾವತಿ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಬರೆದುಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ನನ್ನ ಚಿತ್ರ ಇಲ್ಲಿಲ್ಲ. ಹೊರಗೈತೆ. ಎದ್ದು ಬಂದ್ರೆ ನೀವೇ ನೋಡಬಹುದು."

ಮುಂದಿನ ಸಾಲಿನ ದಪ್ಪ ಕನ್ನಡಕದ ವಿದ್ವಾಂಸರೊಬ್ಬರು, "ಆಹಾ! ಚೌಕಟ್ಟನ್ನೇ ತ್ಯಜಿಸಿದ ಕಲೆ!" ಎಂದು ಚಪ್ಪಾಳೆ ತಟ್ಟಿದರು.

"ಅಲ್ರೀ, ನಿಜವಾಗ್ಲೂ ಹೊರಗೈತೆ! ಮೂರನೇ ಮಹಡಿ ಮೇಲೆ!"

"ಜಾಗ್ರತ್, ಸ್ವಪ್ನ, ಸುಷುಪ್ತಿ! ಮೂರನೆಯ ನೆಲೆ!" ಎಂದರು ಇನ್ನೊಬ್ಬರು. ಚಪ್ಪಾಳೆಗೆ ತಗಡಿನ ಚಾವಣಿ ಅದುರಿತು. ಒಬ್ಬನಾದರೂ ಕುರ್ಚಿ ಬಿಟ್ಟು ಏಳಲಿಲ್ಲ. ಗುರುಬಸವರಾಜ್ ಓಡಿಬಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಮೇಷ್ಟ್ರಿಗೆ ತಮ್ಮ ಸಾವಿಗೆ ತಾವೇ ಬಂದಂತಾಯಿತು.

ಹೊರಗೆ ಹೇಮಾವತಿ ಕಟ್ಟಡದ ಎದುರೇ ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು.

"ರೀ, ಆ ಗೊಂಬೆ ನೋಡಿದ್ರಾ? ಬಸ್ ಇಳಿದೋಳು ಹಂಗೇ ನಿಂತ್ಬಿಟ್ಟಿದ್ದೆ. ದೃಷ್ಟಿ ಗೊಂಬೆ ಅಂದ್ರೆ ಹೆದರಿಸ್ಬೇಕು. ಇದನ್ನ ನೋಡಿದ್ರೆ ಕರುಳು ಚುರ್ ಅಂತೈತೆ. ಪಾಪ, ಮನೇಲಿ ಒಬ್ರೂ ಮಾತಾಡಿಸ್ದೇ ಇರೋನ ಮುಖ. ಎಲ್ಲೋ ನೋಡಿದಂಗೂ ಐತೆ. ಬರ್ದೋನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ರೀ."

ಹದಿನೆಂಟು ವರ್ಷ ಕಾದ ಮಾತು! ಮೇಷ್ಟ್ರು ಬುಟ್ಟಿ ಹಿಡಿದೇ ಹೆಂಡತಿಯ ಹತ್ತಿರ ಸರಿದರು.

"ಹೇಮಾ, ಅದನ್ನ ಬರ್ದೋನು ನಾನೇ ಕಣೇ."

"ಸುಮ್ನಿರ್ರಿ! ಒಳಗೆ ಮೂರನೇ ಮಹಡಿ ಅಂದಿದ್ದು ಏನೋ ತತ್ವ ಅಂದ್ಕಂಡಿದ್ದೆ, ಇದಕ್ಕಾ? ಬಂದ ತಕ್ಷಣ ಮೇಸ್ತ್ರೀನ ಕೇಳ್ದೆ, ಸಂತೆಯಿಂದ ತಂದಿದ್ದಂತೆ."

"ಕೆಳಗೆ ನನ್ನ ಸಹಿ ಐತೆ, ನೋಡು!"

ಇಬ್ಬರೂ ನೋಡಿದರು. ಸಹಿ ಇದ್ದ ಜಾಗದ ಮೇಲೆ ಬೂದುಗುಂಬಳ ಭದ್ರವಾಗಿ ತೂಗುತ್ತಿತ್ತು. ಸಣ್ಣಪ್ಪನನ್ನು ಕೇಳೋಣವೆಂದರೆ ಅವನು ಆಳುಗಳ ಜೊತೆ ಊಟಕ್ಕೆ ಹೋಗಿಯಾಗಿತ್ತು.

ಹೇಮಾವತಿ ಗಂಡನ ಹೆಗಲ ಮೇಲಿನ ಶಾಲನ್ನು, ಕೈಯಲ್ಲಿದ್ದ ಬುಟ್ಟಿಯನ್ನು ಒಮ್ಮೆ ನೋಡಿದಳು.

"ಚಿತ್ರಾನೇ ಇಲ್ದೆ ಬಂದು ಶಾಲು ಹೊದ್ದಕಂಡ್ರಿ. ಅದೂ ಸಾಲ್ದು ಅಂತ ಆ ಬಡಪಾಯಿ ಬರ್ದಿದ್ದಕ್ಕೂ ಕೈ ಹಾಕ್ತೀರಾ? ನಾಚ್ಕೆ ಆಗಲ್ವೇನ್ರಿ?" ಎಂದು ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದಳು. ಗೇಟಿನ ಬಳಿ ನಿಂತು, ಆ ನೀಲಿ ಮುಖವನ್ನು ಇನ್ನೊಮ್ಮೆ ಕಣ್ತುಂಬ ನೋಡಿ, ಗಂಡನ ಕಡೆ ತಿರುಗಿದಳು.

"ಬ್ರಷ್ ಮುಟ್ಟಲ್ಲ ಅಂದಿದ್ರಲ್ಲ? ಇವತ್ತಿಂದಲೇ ಬಿಟ್ಬಿಡ್ರಿ."