ಮೂಕಿ ಚಿತ್ರ ಮತ್ತು ಸಂಗೀತ

ಕಳೆದ ಭಾನುವಾರ ಸಂಜೆ ಸಾಂಸ್ಕೃತಿಕ ಇಲಾಖೆಯ ಸಭಾಂಗಣದಲ್ಲಿ ನಡೆದ ಪಿಟೀಲು ವಾದನದಲ್ಲಿ ಒಂದೇ ಒಂದು ಅಪಸ್ವರವೂ ಹೊರಡಲಿಲ್ಲವೆಂದು ಇಲಾಖೆ ದೃಢಪಡಿಸಿದೆ.

ನುಡಿಸಿದವರು ಶಾಲೆಯ ಪಿಟೀಲು ಮೇಷ್ಟ್ರು. ಹಳೆಯ ಮೂಕಿ ಚಿತ್ರವೊಂದು ತೆರೆಯ ಮೇಲೆ ಓಡುವಾಗ ಪಕ್ಕದಲ್ಲಿ ಕೂತು ಸಂಗೀತ ಕೊಡಲು ಅವರನ್ನು ಕರೆದಿದ್ದರು. ಅವರನ್ನು ಸಾಕಿ ಬೆಳೆಸಿದ ಅಕ್ಕನಿಗೆ ಆರು ವರ್ಷದಿಂದ ಕಣ್ಣು ಕಾಣದು. ತುಂಬಿದ ಸಭೆಯಲ್ಲಿ ತಮ್ಮ ನುಡಿಸುವುದನ್ನು ಒಮ್ಮೆ ಕೇಳಿಬಿಡಬೇಕು, ಅದೊಂದೇ ಆಕೆಯ ಆಸೆ. ಮೇಷ್ಟ್ರು ಆಕೆಗೆ ಮೊದಲೇ ಕೇಳಿಸಬಾರದೆಂದು ತಿಂಗಳಿಡೀ ಶಾಲೆಯಲ್ಲೇ ಅಭ್ಯಾಸ ಮಾಡಿದರು.

ಅಷ್ಟರಲ್ಲಿ ಮಂಜೂರಾತಿ ಪತ್ರ ಬಂತು: 'ಮೂಕಿ ಚಿತ್ರ ಮತ್ತು ಸಂಗೀತ ಕಾರ್ಯಕ್ರಮ.' ಸದರಿ 'ಮೂಕಿ' ಎಂಬ ವಿಶೇಷಣ ಚಿತ್ರಕ್ಕೆ ಮಾತ್ರವೋ, ಸಂಗೀತಕ್ಕೂ ಸೇರಿತೋ? ಕಡತ ಮೂರು ಮೇಜು ಸುತ್ತಿತು. ಎರಡಕ್ಕೂ ಅನ್ವಯ ಎಂದು ತೀರ್ಮಾನವಾಯಿತು.

ಮೇಷ್ಟ್ರು ಹೋಗಿ ಅಧಿಕಾರಿಯನ್ನು ಗೋಗರೆದರು.

"ನುಡಿಸಬೇಡಿ ಅಂದ್ನಾ ಮೇಷ್ಟ್ರೇ? ಧಾರಾಳವಾಗಿ ನುಡಿಸಿ. ಸದ್ದು ಬರಬಾರದು, ಅಷ್ಟೆ."

ಬೇಡವೆಂದು ಬಿಡೋಣವೆಂದರೆ ಅಕ್ಕ ಆಗಲೇ ಬೀದಿಗೆಲ್ಲ ಸಾರಿ ಬಂದಿದ್ದಳು. ಕಮಾನಿಗೂ ತಂತಿಗೂ ನಡುವೆ ಒಂದು ಬೆರಳಿನ ಅಂತರವಿರತಕ್ಕದ್ದೆಂದು ಇಲಾಖೆ ನಿಗದಿಪಡಿಸಿ, ಸ್ಕೇಲು ಹಿಡಿದ ಗುಮಾಸ್ತರೊಬ್ಬರನ್ನು ಮೇಷ್ಟ್ರ ಪಕ್ಕದಲ್ಲೇ ಕೂರಿಸಿತು.

ಚಿತ್ರ ಶುರುವಾಯಿತು. ನಾಯಕಿ ರೈಲಿನ ಕಿಟಕಿಯಲ್ಲಿ ಅಳುವಾಗ ಮೇಷ್ಟ್ರ ಕಮಾನು ಗಾಳಿಯಲ್ಲೇ ಹೋಗಿ ಬಂತು. ಬೆರಳು ಒಂದು ಸ್ವರವನ್ನೂ ತಪ್ಪಿಸಲಿಲ್ಲ. ಮುಂದಿನ ಸಾಲಿನಲ್ಲಿ ಅಕ್ಕ ಕಿವಿ ಮುಂದೆ ಮಾಡಿ ಕೂತಿದ್ದಳು. ಮುಗಿದಾಗ ಸಭಿಕರು, ನಿಯಮದ ಪ್ರಕಾರ, ಅಂಗೈಗೆ ಅಂಗೈ ತಾಗಿಸದೆ ಚಪ್ಪಾಳೆ ತಟ್ಟಿದರು.

ಹೊರಗೆ ಮೆಟ್ಟಿಲ ಮೇಲೆ ಜನ ಮುತ್ತಿಕೊಂಡರು. ರೈಲಿನ ಕಡೆ ಕರುಳು ಹಿಂಡಿಬಿಟ್ಟಿರಿ ಎಂದರು ಒಬ್ಬರು. ಮುಂದಿನ ವರ್ಷವೂ ನೀವೇ ಎಂದು ಅಧಿಕಾರಿ ಪ್ರಶಸ್ತಿ ಪತ್ರ ಕೈಗಿಟ್ಟು ಅಲ್ಲೇ ನಿಂತರು.

ಅಕ್ಕ ತಮ್ಮನ ತೋಳು ಹಿಡಿದಳು.

"ಮುಗೀತೇನೋ?"

"ಮುಗೀತಕ್ಕ."

"ಎಲ್ರೂ ಚೆನ್ನಾಗಿತ್ತು ಅಂತಿದ್ದಾರೆ." ಆಕೆ ಕಿವಿ ಮುಟ್ಟಿಕೊಂಡಳು. "ಮಾತು ಕೇಳುತ್ತೆ ಕಣೋ. ಪಿಟೀಲು ಮಾತ್ರ ಕೇಳಲಿಲ್ಲ. ಕಣ್ಣು ಹೋದ ಹಾಗೆ ಕಿವೀನೂ ಹೋಗ್ತಿದೆ ಅನ್ನು."

ಮೇಷ್ಟ್ರು ಒಮ್ಮೆ ಅಧಿಕಾರಿಯ ಮುಖ ನೋಡಿದರು, ಒಮ್ಮೆ ಕೈಯಲ್ಲಿದ್ದ ಪತ್ರ ನೋಡಿದರು.

"ನಾಳೆ ಡಾಕ್ಟರಿಗೆ ತೋರಿಸೋಣ, ಅಕ್ಕ," ಎಂದರು.